ನರದ ನೋವಿನ ಮಾತ್ರೆ ಶುರುವಾದ ಮೇಲೆ ಅತ್ತೆಗೆ ಎದೆ ಡವಡವ. ಯಾರ ಮನೆಯಲ್ಲಾದರೂ ಹೀಗಾಗಿದೆಯಾ?

ಡೊಂಬಿವಲಿ ಸೊಸೆ | ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ 71 ವರ್ಷ. ಗದಗ ಕಡೆಯವರು, ಡೊಂಬಿವಲಿಗೆ ಬಂದು 40 ವರ್ಷದ ಮೇಲಾಯಿತು. ಸಕ್ಕರೆ ಕಾಯಿಲೆ 15 ವರ್ಷದಿಂದ ಇದೆ, ಬಿಪಿಯೂ ಇದೆ. ಎರಡು ತಿಂಗಳ ಹಿಂದೆ ಎಡ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತು. ಪಕ್ಕದ ಮನೆಯವರು ನೋಡಿದ ಕೂಡಲೇ "ನಾಗೀಣ" ಎಂದರು. ಊರಿಂದ ಸೋದರಮಾವ ಫೋನ್ ಮಾಡಿ ಕೆಮ್ಮಣ್ಣು ಹಚ್ಚಿ ಎಂದರು. ಇಲ್ಲಿ ಕೆಮ್ಮಣ್ಣು ಎಲ್ಲಿಂದ ತರುವುದು? ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಗುಳ್ಳೆಗಳು ಒಣಗಿದವು, ನೋವು ಮಾತ್ರ ಅಲ್ಲೇ ಕೂತಿತು. ಸೆರಗು ತಾಗಿದರೂ ಕೆಂಡ ಇಟ್ಟ ಹಾಗೆ ಎನ್ನುತ್ತಿದ್ದರು. ಆಗ ರಾತ್ರಿಗೆ ಒಂದು ನರದ ಮಾತ್ರೆ ಬರೆದುಕೊಟ್ಟರು. ನೋವು ನಿಜವಾಗಿಯೂ ಕಡಿಮೆಯಾಯಿತು. ಒಂದು ವಾರದಲ್ಲಿ ಅತ್ತೆ ಮತ್ತೆ ರೊಟ್ಟಿ ಬಡಿಯಲು ಕೂತರು.

ಮೂರನೇ ವಾರದಿಂದ ಹೊಸ ತೊಂದರೆ. ನಮ್ಮದು ಹಳೆ ಬಿಲ್ಡಿಂಗ್, ಲಿಫ್ಟ್ ಇಲ್ಲ, ಮೂರನೇ ಮಹಡಿ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಸುಮ್ನೆ ಮಲಗಿದ್ದಾಗಲೂ ಬರುತ್ತದೆ. ಏನಾಗುತ್ತದೆ ಅಂತ ಕೇಳಿದರೆ ಅವರ ಮಾತು ಹೀಗೆ: "ಎದಿಯೊಳಗ ಒಂದು ಪಾರಿವಾಳ ಸಿಕ್ಕೊಂಡಂಗ ಆಗತೈತಿ. ಎರಡು ಸಲ ರೆಕ್ಕಿ ಬಡಿತೈತಿ, ಸುಮ್ನಾಗತೈತಿ. ಆಮ್ಯಾಲ ಮತ್ತ." ನಾನು ಕೈ ಹಿಡಿದು ನಾಡಿ ನೋಡಿದೆ. ಏಳೆಂಟು ಬಡಿತಕ್ಕೆ ಒಂದು ತಪ್ಪುತ್ತದೆ.

ಕ್ಲಿನಿಕ್‌ನಲ್ಲಿ ಕೇಳಿದರೆ, ಆ ಮಾತ್ರೆಯಿಂದ ನಿದ್ದೆ, ತಲೆಸುತ್ತು ಬಿಟ್ಟರೆ ಏನೂ ಆಗುವುದಿಲ್ಲ, ವಯಸ್ಸಾಯಿತಲ್ಲ ಎಂದರು. ನಮ್ಮವರು ಮಾತ್ರೆ ನಿಲ್ಲಿಸಿಬಿಡೋಣ ಎನ್ನುತ್ತಾರೆ. ನಿಲ್ಲಿಸಿದರೆ ಆ ಕೆಂಡದ ನೋವು ಮತ್ತೆ ಬರುತ್ತದೆ ಅಂತ ಅತ್ತೆಗೆ ಭಯ. ಏನು ಮಾಡಲಿ?

ಘಾಟ್ಕೋಪರ್ ಗೆಳೆಯ | ಭಾನುವಾರ ರಾತ್ರಿ 10:52

ಇಂಗ್ಲಿಷ್ ಮದ್ದು ಎಲ್ಲಾ ಇವತ್ತೇ ನಿಲ್ಲಿಸಿ. ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ. ನಮ್ಮ ಅಜ್ಜಿ 94 ವರ್ಷ ಬದುಕಿದ್ದರು, ಒಂದು ಮಾತ್ರೆ ನುಂಗಿದವರಲ್ಲ.

ಮುಲುಂಡ್ ಕೆಮಿಸ್ಟ್ ಕಾಕಾ | ಭಾನುವಾರ ರಾತ್ರಿ 11:05

ನಿಲ್ಲಿಸಬೇಡಿ! ಅಂದರೆ ಡಾಕ್ಟರನ್ನು ಕೇಳದೆ ಏಕಾಏಕಿ ನಿಲ್ಲಿಸಬೇಡಿ. ಈ ಗುಂಪಿನ ಮಾತ್ರೆಗಳನ್ನು ತಟಕ್ಕನೆ ಬಿಟ್ಟರೆ ನಿದ್ದೆ ಹೋಗುತ್ತದೆ, ಬೆವರು, ವಾಂತಿ ಬಂದ ಹಾಗೆ, ಗಾಬರಿ. ಆ ಗಾಬರಿಗೇ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ನರದ ನೋವಿಗೆ ಹೆಚ್ಚಾಗಿ ಕೊಡುವುದು ಪ್ರೀಗಾಬಾಲಿನ್. ಅದನ್ನು ಬಿಡಬೇಕಾದರೆ ಕಡಿಮೆಯೆಂದರೆ ಒಂದು ವಾರ ತೆಗೆದುಕೊಂಡು ಇಳಿಸಬೇಕು.

ಸೊಸೆಯವರೇ, ಮೊದಲು ಒಂದು ಮಾತು. ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ನೋವು ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ. ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ.

ಅದೇನೂ ಇಲ್ಲದಿದ್ದರೆ ಈಗ ಒಂದು ಕೆಲಸ ಮಾಡಿ. ಅತ್ತೆಯ ಮಾತ್ರೆಗಳನ್ನೆಲ್ಲ ತೆಗೆದು ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ನೋಡಿ ಬರೆಯಿರಿ. ಮುಂದಿನ ದೊಡ್ಡ ಹೆಸರು ಬೇಡ. ಹಿಂದಿನ ಸಣ್ಣ ಹೆಸರು. ಎಲ್ಲಾ ಡಾಕ್ಟರುಗಳದ್ದೂ ಸೇರಿಸಿ. ಗ್ಯಾಸಿನ ಮಾತ್ರೆಯನ್ನೂ ಬಿಡಬೇಡಿ. ಒಂದೇ "ನರದ ಮಾತ್ರೆ" ಅಂದಿರಿ. ನನ್ನ ಅನುಭವದಲ್ಲಿ ಅದು ಒಂದು ಇರುವುದು ಅಪರೂಪ.

ಡೊಂಬಿವಲಿ ಸೊಸೆ | ಭಾನುವಾರ ರಾತ್ರಿ 11:48

ಕಾಕಾ, ಅತ್ತೆ ಮಲಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದುಕೊಂಡು ನೋಡಿದೆ. ಮಾತ್ರೆ ಇಡುವುದು ಶ್ರೀಖಂಡದ ಖಾಲಿ ಡಬ್ಬಿಯಲ್ಲಿ. ಅಕ್ಷರ ಎಷ್ಟು ಸಣ್ಣ ಅಂದರೆ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಇದ್ದದ್ದು ಇಷ್ಟು:

ಬೆಳಿಗ್ಗೆ ಸಕ್ಕರೆಗೆ ಮೆಟ್‌ಫಾರ್ಮಿನ್. ಬಿಪಿಗೆ ಎರಡು: ಒಂದು ಮೆಟೊಪ್ರೊಲಾಲ್ 50, ಇನ್ನೊಂದರಲ್ಲಿ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್. ಖಾಲಿ ಹೊಟ್ಟೆಗೆ ಗ್ಯಾಸಿನ ಕ್ಯಾಪ್ಸೂಲ್, ಅದರಲ್ಲಿ ಪ್ಯಾಂಟೊಪ್ರಜೋಲ್ 40 ಮತ್ತು ಡೊಂಪೆರಿಡೋನ್ 30. ಇದನ್ನು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ.

ರಾತ್ರಿಯ ನರದ ಮಾತ್ರೆಯಲ್ಲಿ ಪ್ರೀಗಾಬಾಲಿನ್ 75 ಮತ್ತು ನಾರ್ಟ್ರಿಪ್ಟಿಲಿನ್ 10.

ಇನ್ನೊಂದು ಸ್ಟ್ರಿಪ್ ಇತ್ತು. ಸಕ್ಕರೆ ಡಾಕ್ಟರು ಪಾದ ಉರಿಗೆ ಅಂತ ಹೋದ ವರ್ಷ ಕೊಟ್ಟದ್ದು. ನಾವು ಅದನ್ನು "ವಿಟಮಿನ್ ಮಾತ್ರೆ" ಅಂತಲೇ ಕರೆಯುತ್ತೇವೆ. ಹಿಂದೆ ನೋಡಿದರೆ ಮೀಥೈಲ್‌ಕೋಬಾಲಮಿನ್, ಅದರ ಜೊತೆ ಪ್ರೀಗಾಬಾಲಿನ್ 75!

ಎರಡರ ಹೆಸರೂ ಬೇರೆ, ಬಣ್ಣವೂ ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವ ಹಾಗೆ ಕಾಣುತ್ತವೆ.

ಮುಲುಂಡ್ ಕೆಮಿಸ್ಟ್ ಕಾಕಾ | ಸೋಮವಾರ ಬೆಳಿಗ್ಗೆ 7:20

ಇದನ್ನೇ ಹುಡುಕುತ್ತಿದ್ದೆ. ನಿಮ್ಮ ತಪ್ಪಲ್ಲ. ಕೌಂಟರ್ ಹಿಂದೆ 32 ವರ್ಷ ನಿಂತಿದ್ದೇನೆ, ವಾರಕ್ಕೆ ಒಂದಾದರೂ ಇಂಥ ಡಬ್ಬಿ ನೋಡುತ್ತೇನೆ. ಇಬ್ಬರು ಡಾಕ್ಟರು, ಎರಡು ಚೀಟಿ, ಒಂದೇ ಔಷಧ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ.

ಈಗ ಒಂದೊಂದಾಗಿ ಹೇಳುತ್ತೇನೆ. ಅಂಗಡಿ ತೆರೆಯಲು ಇನ್ನೂ ಹೊತ್ತಿದೆ.

ಪ್ರೀಗಾಬಾಲಿನ್ ಕೆಲಸ ಮಾಡುವ ರೀತಿ ಇದು. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಹೋಗುವ ಬಾಗಿಲುಗಳಿವೆ. ಈ ಮದ್ದು ಆ ಬಾಗಿಲಿನ ಒಂದು ಭಾಗಕ್ಕೆ ಅಂಟಿಕೊಂಡು ನೋವಿನ ಸುದ್ದಿ ಸಾಗುವುದನ್ನು ಕಡಿಮೆ ಮಾಡುತ್ತದೆ. ಅದೇ ಜಾತಿಯ ಬಾಗಿಲು ಹೃದಯದಲ್ಲೂ ಇದೆ. ಹಾಗಂತ ಹೆದರಬೇಡಿ. ಔಷಧದ ಜೊತೆ ಬರುವ ಕಂಪನಿಯ ಸ್ವಂತ ಮಾಹಿತಿ ಚೀಟಿಯಲ್ಲೇ ಬರೆದಿದೆ: ದಿನಕ್ಕೆ 300 ಎಂ.ಜಿ. ಅಥವಾ ಜಾಸ್ತಿ ತೆಗೆದುಕೊಂಡವರಲ್ಲಿ ಇಸಿಜಿಯ ಪಿಆರ್ ಎನ್ನುವ ಅಂತರ ಸರಾಸರಿ 3ರಿಂದ 6 ಮಿಲಿಸೆಕೆಂಡ್ ಉದ್ದವಾಗುತ್ತದೆ, ಅದರಿಂದ ದೊಡ್ಡ ಬ್ಲಾಕ್ (ಹೃದಯದ ಕರೆಂಟ್ ದಾರಿಯಲ್ಲಿ ತಡೆ) ಜಾಸ್ತಿಯಾದದ್ದು ಕಂಡಿಲ್ಲ. ಯುರೋಪಿನ ಚೀಟಿಯಲ್ಲಿ ಎದೆಬಡಿತ ಜೋರಾಗುವುದು, ನಿಧಾನವಾಗುವುದು, ಮೊದಲ ಹಂತದ ಬ್ಲಾಕ್, ಹೃದಯ ಸೋಲುವುದು ಇವೆಲ್ಲ 100ರಲ್ಲಿ ಒಬ್ಬರಿಗಿಂತ ಕಡಿಮೆ ಎನ್ನುವ ಸಾಲಿನಲ್ಲಿವೆ. ಕ್ಯೂಟಿ (ಹೃದಯ ಹೊಡೆದು ಮತ್ತೆ ತಯಾರಾಗುವ ಸಮಯ, ಇದೂ ಇಸಿಜಿಯಲ್ಲಿ ಕಾಣುತ್ತದೆ) ಉದ್ದವಾಗುವುದು 1,000ದಲ್ಲಿ ಒಬ್ಬರಿಗಿಂತಲೂ ಕಡಿಮೆ. ಅಂದರೆ ಅಪರೂಪ. ಆದರೆ ಇಲ್ಲವೇ ಇಲ್ಲ ಅಂತಲ್ಲ.

ನನ್ನ ಕಣ್ಣು ಜಾಸ್ತಿ ಹೋಗಿದ್ದು ನಾರ್ಟ್ರಿಪ್ಟಿಲಿನ್ ಮೇಲೆ. ಇದು ಹಳೆ ಕಾಲದ ಖಿನ್ನತೆಯ ಮಾತ್ರೆ, ಅಮಿಟ್ರಿಪ್ಟಿಲಿನ್‌ನ ತಮ್ಮ. ಅಮಿಟ್ರಿಪ್ಟಿಲಿನ್ ನುಂಗಿದರೆ ನಮ್ಮ ಲಿವರ್ ಅದನ್ನು ನಾರ್ಟ್ರಿಪ್ಟಿಲಿನ್ ಮಾಡುತ್ತದೆ. ಸಣ್ಣ ಪ್ರಮಾಣದಲ್ಲಿ ನರದ ನೋವಿಗೆ ಬಹಳ ಒಳ್ಳೆಯದು. (ಗೂಗಲ್ ನೋಡಿ "ನಮ್ಮಮ್ಮನಿಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ" ಅಂತ ಕೌಂಟರಿಗೆ ಜಗಳಕ್ಕೆ ಬರುವವರೂ ಇದ್ದಾರೆ. ಅದೇ ಬೇರೆ ಕಥೆ.) ಆದರೆ ಈ ವಂಶದ ಮಾತ್ರೆಗಳು ಹೃದಯದೊಳಗೆ ಕರೆಂಟ್ ಹರಿಯುವುದನ್ನೇ ಮುಟ್ಟುತ್ತವೆ. ಹಾರ್ಟ್ ಅಟ್ಯಾಕ್ ಆಗಿ ಸ್ವಲ್ಪ ದಿನವಷ್ಟೇ ಆಗಿರುವವರಿಗೆ ಇವನ್ನು ಕೊಡುವಂತಿಲ್ಲ. ವಯಸ್ಸಾದವರಿಗೆ ಶುರು ಮಾಡುವ ಮೊದಲು ಒಂದು ಇಸಿಜಿ ತೆಗೆಸುವುದು ಒಳ್ಳೆಯ ಪದ್ಧತಿ.

ಆಮೇಲೆ ಡೊಂಪೆರಿಡೋನ್. ಗ್ಯಾಸಿನ ಮಾತ್ರೆ ಅಂತ ಎಲ್ಲರೂ ಚಾಕಲೇಟ್ ಥರ ನುಂಗುತ್ತಾರೆ. ಇದೂ ಕ್ಯೂಟಿ ಉದ್ದ ಮಾಡುವ ಮದ್ದು. ಯುರೋಪಿನವರು 2014ರಲ್ಲೇ ಹೇಳಿದ್ದಾರೆ: 10 ಎಂ.ಜಿ., ದಿನಕ್ಕೆ ಮೂರು ಸಲದ ಮೇಲೆ ಬೇಡ, ಸಾಮಾನ್ಯವಾಗಿ ಒಂದು ವಾರದ ಮೇಲೆ ಬೇಡ. ನಿಮ್ಮತ್ತೆ ಎರಡು ವರ್ಷ ತೆಗೆದುಕೊಂಡಿದ್ದಾರೆ.

ಕಿಡ್ನಿ ರಿಪೋರ್ಟ್ ಇದ್ದರೆ ಕ್ರಿಯಾಟಿನಿನ್ ಎಷ್ಟಿದೆ, ತೂಕ ಎಷ್ಟು ಹೇಳಿ.

ನಿಗಡಿ ಅಕ್ಕ, ಪುಣೆ | ಸೋಮವಾರ ಬೆಳಿಗ್ಗೆ 9:15

ನನ್ನದು ಬೇರೆ ಥರ, ಆದರೂ ಬರೆಯುತ್ತೇನೆ. ನನಗೂ ಸಕ್ಕರೆಯಿಂದ ಪಾದ ಉರಿ. ಪ್ರೀಗಾಬಾಲಿನ್ ನಾಲ್ಕು ವರ್ಷದಿಂದ ಇದೆ. ಎದೆಗೆ ಏನೂ ಆಗಿಲ್ಲ. ಈ ಮಾತ್ರೆ ಇಲ್ಲದಿದ್ದರೆ ನಾನು ರಾತ್ರಿಯೆಲ್ಲ ಬಕೆಟ್ ನೀರಿನಲ್ಲಿ ಕಾಲಿಟ್ಟು ಕೂತಿರುತ್ತಿದ್ದೆ, ಆದ್ದರಿಂದ ಅದನ್ನು ಬೈಯಲು ನನ್ನಿಂದ ಆಗುವುದಿಲ್ಲ.

ಆದರೆ ಎರಡನೇ ವರ್ಷ ಕಾಲು ಊದಿತು. ಹೇಗೆ ಗೊತ್ತಾಯಿತು ಅಂದರೆ ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಹೊರಗೇ ಬರಲಿಲ್ಲ. ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ. ಕೊನೆಗೆ ಚಿಂಚವಡದ ಅಕ್ಕಸಾಲಿಗನಿಂದ ಕತ್ತರಿಸಿ ತೆಗೆಸಬೇಕಾಯಿತು. ಮೆಟ್ಟಿಲು ಹತ್ತಿದರೆ ಉಬ್ಬಸ ಬೇರೆ. ಆಗ ಗೊತ್ತಾಗಿದ್ದು, ಸಕ್ಕರೆಗೆ ನನಗೆ ಪಯೋಗ್ಲಿಟಜೋನ್ ಕೂಡ ಕೊಟ್ಟಿದ್ದರು. ಅದೂ ನೀರು ಹಿಡಿಯುತ್ತದೆ, ಪ್ರೀಗಾಬಾಲಿನ್ ಕೂಡ ಹಿಡಿಯುತ್ತದೆ. ಡಾಕ್ಟರು ಪಯೋಗ್ಲಿಟಜೋನ್ ಬದಲಿಸಿದರು, ಎಕೋ ಮಾಡಿಸಿದರು, ಹೃದಯ ಸರಿಯಿತ್ತು. ಎರಡು ವಾರದಲ್ಲಿ ಊತ ಇಳಿಯಿತು.

ಕಾಲುಂಗುರ ಮತ್ತೆ ಮಾಡಿಸಿಕೊಂಡಿಲ್ಲ. ಬೆಳ್ಳಿ ಬೆಲೆ ನೋಡಿದ್ದೀರಾ?

ಮುಲುಂಡ್ ಕೆಮಿಸ್ಟ್ ಕಾಕಾ | ಸೋಮವಾರ ಬೆಳಿಗ್ಗೆ 9:40

ಅಕ್ಕ ಹೇಳಿದ್ದು ಅಚ್ಚಾದ ಲೆಕ್ಕದಲ್ಲೇ ಇದೆ. ಔಷಧದ ಚೀಟಿಯ ಪ್ರಕಾರ ಪಯೋಗ್ಲಿಟಜೋನ್ ಗುಂಪಿನ ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಕಾಲು ಊದಿದ್ದು 100ಕ್ಕೆ 3 ಜನರಿಗೆ, ಪ್ರೀಗಾಬಾಲಿನ್ ಮಾತ್ರ ಇದ್ದವರಲ್ಲಿ 8 ಜನರಿಗೆ, ಎರಡೂ ಇದ್ದವರಲ್ಲಿ 19 ಜನರಿಗೆ. ಹೃದಯ ಮೊದಲೇ ಸೋತಿರುವವರಿಗೆ ಈ ಜೋಡಿ ಬೇಡ.

ವಾಸ್ಕೋ ಹುಡುಗ | ಸೋಮವಾರ ಮಧ್ಯಾಹ್ನ 1:30

ಗೋವಾದಿಂದ. ನಮ್ಮ ಅಪ್ಪನದು ಮುಖದ ನರದ ನೋವು. ಬಾಯಿ ಮುಕ್ಕಳಿಸಿದರೂ ಕೆನ್ನೆಗೆ ಕರೆಂಟ್ ಹೊಡೆದ ಹಾಗೆ. ಹಲ್ಲಿನ ನೋವು ಅಂದುಕೊಂಡು ಎರಡು ಹಲ್ಲು ಕೀಳಿಸಿದ್ದೂ ಆಗಿತ್ತು. ಆಮೇಲೆ ಕಾರ್ಬಮಾಜೆಪಿನ್ ಕೊಟ್ಟರು, ನೋವು ಮಾಯ.

ಒಂದು ತಿಂಗಳಿಗೆ ಅಪ್ಪ ಮಂಕಾದರು. ಬೈನಾದ ಮೀನು ಮಾರ್ಕೆಟ್‌ಗೆ ಹೋದವರು ಅಲ್ಲೇ ಕುಸಿದು ಕೂತರು. ನಾಡಿ 41. ಬಾಂಬೋಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿಯಲ್ಲಿ ಎರಡನೇ ಹಂತದ ಬ್ಲಾಕ್, ರಕ್ತದಲ್ಲಿ ಸೋಡಿಯಂ 122. ಎರಡೂ ಆ ಮಾತ್ರೆಯಿಂದ ಆಗಬಹುದು ಅಂತ ಹೇಳಿದರು. ಮೂರು ವರ್ಷದ ಹಿಂದೆ ಹರ್ನಿಯಾ ಆಪರೇಷನ್‌ಗೆ ತೆಗೆದ ಇಸಿಜಿ ಮನೆಯಲ್ಲೇ ಇತ್ತು, ಅದರಲ್ಲಿ ಆಗಲೇ ಕರೆಂಟ್ ದಾರಿ ಒಂದು ಕಡೆ ಕಟ್ಟಿದ್ದು ಬರೆದಿತ್ತು. ಮಾತ್ರೆ ಬರೆದುಕೊಟ್ಟ ಕ್ಲಿನಿಕ್‌ನಲ್ಲಿ ಯಾರೂ ಕೇಳಲಿಲ್ಲ. ನಾವೂ ತೋರಿಸಲಿಲ್ಲ. ಹಲ್ಲುನೋವಿಗೆ ಹೃದಯದ ಕಾಗದ ಯಾರು ತೆಗೆದುಕೊಂಡು ಹೋಗುತ್ತಾರೆ ಹೇಳಿ.

ಆಸ್ಪತ್ರೆಯಲ್ಲಿಟ್ಟುಕೊಂಡು ಮಾತ್ರೆ ಬಿಡಿಸಿದರು. ಐದನೇ ದಿನ ನಾಡಿ 64. ಈಗ ಗಾಬಾಪೆಂಟಿನ್ ಸಣ್ಣ ಡೋಸ್, ನೋವು ಸುಮಾರಾಗಿ ಹಿಡಿತದಲ್ಲಿದೆ. ಮೀನು ಮಾರ್ಕೆಟ್‌ಗೆ ನಾನೇ ಹೋಗುತ್ತೇನೆ. ಅಪ್ಪನಿಗೆ ನಾನು ತಂದ ಮೀನು ಯಾವತ್ತೂ ಹಿಡಿಸುವುದಿಲ್ಲ.

ವೇದಿಕೆ ನೋಡಿಕೊಳ್ಳುವವರು | ಸೋಮವಾರ ಮಧ್ಯಾಹ್ನ 2:10

ಎಲ್ಲರೂ ಬ್ರ್ಯಾಂಡ್ ಹೆಸರು, ಆಸ್ಪತ್ರೆ ಹೆಸರು ಬಿಟ್ಟು ಬರೆಯುತ್ತಿದ್ದೀರಿ, ಧನ್ಯವಾದ. ಹೀಗೇ ಇರಲಿ. ಘಾಟ್ಕೋಪರ್ ಗೆಳೆಯರೇ, ಮಾತ್ರೆ ನಿಲ್ಲಿಸಿ ಎನ್ನುವ ಸಲಹೆ ಇಲ್ಲಿ ಬೇಡ.

ಘಾಟ್ಕೋಪರ್ ಗೆಳೆಯ | ಸೋಮವಾರ ಮಧ್ಯಾಹ್ನ 2:14

ಸರಿ ಬಿಡಿ. ಎಳ್ಳೆಣ್ಣೆಯನ್ನಾದರೂ ಹಚ್ಚಬಹುದಲ್ವಾ?

ಡೊಂಬಿವಲಿ ಸೊಸೆ | ಸೋಮವಾರ ರಾತ್ರಿ 9:30

ಇವತ್ತು ಆಫೀಸಿಗೆ ರಜೆ ಹಾಕಿ ಅತ್ತೆಯನ್ನು ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಶ್ರೀಖಂಡದ ಡಬ್ಬಿಯನ್ನು ಹಾಗೇ ಟೇಬಲ್ ಮೇಲೆ ಇಟ್ಟೆ. ಅವರು ಇಸಿಜಿ ತೆಗೆಸಿದರು. ಮೇಲೆ ಮೆಷಿನ್ ಪ್ರಿಂಟ್ ಮಾಡಿದ್ದು: ಬಡಿತ 58, ಪಿಆರ್ 248, ಕ್ಯೂಟಿಸಿ 476. "ಮೊದಲ ಹಂತದ ಬ್ಲಾಕ್, ಜೊತೆಗೆ ನಡುವೆ ನುಗ್ಗುವ ಬಿಡಿ ಬಡಿತ, ನಾಳೆ ಠಾಣೆಯಲ್ಲಿ ಹೃದಯದ ಡಾಕ್ಟರಿಗೆ ತೋರಿಸಿ" ಎಂದರು. ಗ್ಯಾಸಿನ ಕ್ಯಾಪ್ಸೂಲ್ ಇವತ್ತಿನಿಂದಲೇ ನಿಲ್ಲಿಸಿದ್ದಾರೆ.

ಬ್ಲಾಕ್ ಅಂದ ಕೂಡಲೇ ಅತ್ತೆ ಆಂಜಿಯೋಪ್ಲಾಸ್ಟಿ ಅಂದುಕೊಂಡು ಅಳಲು ಶುರು ಮಾಡಿದರು. ರಕ್ತನಾಳದ ಬ್ಲಾಕ್ ಬೇರೆ, ಇದು ಬೇರೆ ಅಂತ ಸಮಾಧಾನ ಮಾಡಲು ಅರ್ಧ ಗಂಟೆ ಬೇಕಾಯಿತು. ಆದರೆ ನನಗೇ ಪೂರ್ತಿ ಅರ್ಥವಾಗಿಲ್ಲ.

ಕಾಕಾ, ಕ್ರಿಯಾಟಿನಿನ್ 1.4, ತೂಕ 55 ಕಿಲೋ. ಲ್ಯಾಬ್‌ನವರು "ಸ್ವಲ್ಪ ಜಾಸ್ತಿ, ಅಷ್ಟೇ" ಎಂದಿದ್ದರು.

ಮಾಟುಂಗಾ ಇಸಿಜಿ ಮಾಮ | ಸೋಮವಾರ ರಾತ್ರಿ 10:05

ನಾನು 29 ವರ್ಷ ಇಸಿಜಿ ಪಟ್ಟಿ ತೆಗೆದವನು, ಈಗ ರಿಟೈರ್ಡ್. ಡಾಕ್ಟರ್ ಅಲ್ಲ ಮಾರಾಯ್ರೇ, ಅದನ್ನು ಮೊದಲೇ ಹೇಳುತ್ತೇನೆ. ಆದರೆ ಆ ಕಾಗದ ಓದುವುದು ಹೇಗೆ ಅಂತ ಹೇಳಬಲ್ಲೆ.

ಪಟ್ಟಿಯನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಗುಲಾಬಿ ಬಣ್ಣದ ಚೌಕಗಳು ಉಂಟಲ್ಲ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ. ಹಾಗಾಗಿ ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡ್. ಐದು ಸಣ್ಣ ಚೌಕ ಸೇರಿ ಒಂದು ದೊಡ್ಡ ಚೌಕ, 200 ಮಿಲಿಸೆಕೆಂಡ್. ಪ್ರತಿ ಬಡಿತಕ್ಕೂ ಮೊದಲು ಒಂದು ಸಣ್ಣ ದಿಬ್ಬ ಬರುತ್ತದೆ, ಅದು ಪಿ. ಆಮೇಲೆ ಚೂಪಾದ ಗೋಪುರ. ದಿಬ್ಬ ಶುರುವಾದಲ್ಲಿಂದ ಗೋಪುರ ಶುರುವಾಗುವ ತನಕ ಪಿಆರ್. ಮೇಲಿನ ಕೋಣೆ "ನಾನು ಹೊಡೆದೆ, ಈಗ ನೀನು" ಅಂತ ಕೆಳಗಿನ ಕೋಣೆಗೆ ಸುದ್ದಿ ಕಳಿಸಲು ಹಿಡಿಯುವ ಸಮಯ ಅದು. ಮೂರರಿಂದ ಐದು ಸಣ್ಣ ಚೌಕ ಇದ್ದರೆ ಸರಿ. ನಿಮ್ಮ ಅತ್ತೆಯದು ಆರಕ್ಕಿಂತ ಸ್ವಲ್ಪ ಜಾಸ್ತಿ. ಸುದ್ದಿ ತಡವಾಗಿ ಮುಟ್ಟುತ್ತಿದೆ, ಆದರೆ ಪ್ರತಿ ಸಲವೂ ಮುಟ್ಟುತ್ತಿದೆ. ಮೊದಲ ಹಂತ ಅಂದರೆ ಅಷ್ಟೇ. ವಾಸ್ಕೋ ಹುಡುಗನ ಅಪ್ಪನದು ಎರಡನೇ ಹಂತ, ಅಲ್ಲಿ ಕೆಲವು ಸುದ್ದಿ ಮುಟ್ಟುವುದೇ ಇಲ್ಲ.

ಈಗ ಕಾಕಾ ಹೇಳಿದ 3ರಿಂದ 6 ಮಿಲಿಸೆಕೆಂಡ್ ಲೆಕ್ಕ ನೋಡಿ. ಒಂದು ಸಣ್ಣ ಚೌಕದ ಆರನೇ ಒಂದು ಭಾಗವೂ ಆಗಲಿಲ್ಲ! ಪೆನ್ಸಿಲ್ ಗೆರೆಯಷ್ಟು ದಪ್ಪ. ಅಂದರೆ ಪ್ರೀಗಾಬಾಲಿನ್ ಒಂದೇ ಇದನ್ನು ಮಾಡಿದೆ ಎನ್ನಲು ನನಗೆ ಮನಸ್ಸಿಲ್ಲ. ಮೆಟೊಪ್ರೊಲಾಲ್ ಕೆಲಸವೇ ಈ ಸುದ್ದಿಯನ್ನು ನಿಧಾನ ಮಾಡುವುದು. 71ರ ವಯಸ್ಸೂ ನಿಧಾನ ಮಾಡುತ್ತದೆ.

ಕ್ಯೂಟಿ ಅಂದರೆ ಹೊಡೆದ ಮೇಲೆ ಕೆಳಗಿನ ಕೋಣೆ ಮತ್ತೆ ತಯಾರಾಗುವ ಸಮಯ. ಬಡಿತದ ವೇಗಕ್ಕೆ ಸರಿಹೊಂದಿಸಿದರೆ ಕ್ಯೂಟಿಸಿ. ಹೆಂಗಸರಿಗೆ 460ರ ತನಕ ಪರವಾಗಿಲ್ಲ. 500 ದಾಟಿದರೆ ನಾವು ಪಟ್ಟಿ ಹರಿದುಕೊಂಡು ಡಾಕ್ಟರ ಕೋಣೆಗೆ ಓಡುತ್ತಿದ್ದೆವು. 476 ನಡುವಿನದು. ಓಡಬೇಕಾಗಿಲ್ಲ, ಕೂರುವಂತೆಯೂ ಇಲ್ಲ.

ಇನ್ನೊಂದು, ಇದು ಯಾರೂ ಹೇಳುವುದಿಲ್ಲ. ಆ ಪಟ್ಟಿಯನ್ನು ಈಗಲೇ ಮೊಬೈಲಲ್ಲಿ ಫೋಟೋ ತೆಗೆದಿಡಿ. ಕಾಗದ ಬಿಸಿಗೆ ಅಚ್ಚಾಗುವಂಥದ್ದು, ಒಂದೆರಡು ವರ್ಷದಲ್ಲಿ ಮಾಸುತ್ತದೆ. ಭದ್ರವಾಗಿರಲಿ ಅಂತ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ನನ್ನ ಷಡ್ಡಕ ಮಾಡಿಸಿದ್ದ. ಪೂರ್ತಿ ಕಪ್ಪಾಗಿ ಸ್ಲೇಟಿನ ಹಾಗೆ ಹೊರಗೆ ಬಂತು.

ಮುಲುಂಡ್ ಕೆಮಿಸ್ಟ್ ಕಾಕಾ | ಸೋಮವಾರ ರಾತ್ರಿ 10:50

ಮಾಮನ ಮಾತು ಒಪ್ಪಿದೆ, ಒಂದು ಸೇರಿಸುತ್ತೇನೆ. 1.4 ಅಂದರೆ "ಸ್ವಲ್ಪ ಜಾಸ್ತಿ" ಅಲ್ಲ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜು ಮಾಡುವ ಹಳೆಯ ಸೂತ್ರದಲ್ಲಿ ಹಾಕಿ ನೋಡೋಣ. 140ರಲ್ಲಿ ವಯಸ್ಸು 71 ಕಳೆದರೆ 69. ಅದಕ್ಕೆ ತೂಕ 55ರಿಂದ ಗುಣಿಸಿ. 72 ಮತ್ತು 1.4ರ ಗುಣಲಬ್ಧದಿಂದ ಭಾಗಿಸಿ. ಹೆಂಗಸಾದರೆ 0.85ರಿಂದ ಗುಣಿಸಿ. ಬಂದದ್ದು 32. ಈ ಲೆಕ್ಕ 60ರ ಕೆಳಗೆ ಹೋದರೆ ಪ್ರೀಗಾಬಾಲಿನ್ ಡೋಸ್ ಅರ್ಧ ಮಾಡಬೇಕು ಅಂತ ಚೀಟಿಯಲ್ಲಿದೆ, ಏಕೆಂದರೆ ಈ ಮದ್ದು ಲಿವರ್‌ಗೆ ಹೋಗಿ ಕರಗುವುದಿಲ್ಲ, ಹೆಚ್ಚುಕಡಿಮೆ ಪೂರ್ತಿ ಮೂತ್ರದಲ್ಲೇ ಹೋಗುತ್ತದೆ.

ಅಂದರೆ ನಿಮ್ಮತ್ತೆ ನುಂಗಿದ್ದು 150. ದೇಹಕ್ಕೆ ಅನಿಸಿದ್ದು 300ರ ಹಾಗೆ. ಸಣ್ಣ ದೇಹದ ಮುದುಕರಲ್ಲಿ ಕ್ರಿಯಾಟಿನಿನ್ ಮೋಸ ಮಾಡುತ್ತದೆ. ನಾಳೆ ಡಾಕ್ಟರಿಗೆ ಈ ರಿಪೋರ್ಟ್ ತಪ್ಪದೆ ತೋರಿಸಿ. ಮೆಗ್ನೀಸಿಯಂ, ಪೊಟ್ಯಾಸಿಯಂ ನೋಡಿಸಬೇಕಾ ಅಂತಲೂ ಕೇಳಿ.

ಖಾರ್ಘರ್ ಸಿಸ್ಟರ್ | ಮಂಗಳವಾರ ಬೆಳಿಗ್ಗೆ 6:10

ನೈಟ್ ಡ್ಯೂಟಿ ಮುಗಿಸಿ ಓದುತ್ತಿದ್ದೇನೆ. ಎಲ್ಲರೂ ಮಾತ್ರೆಯ ಹಿಂದೆ ಬಿದ್ದಿದ್ದೀರಿ, ಇನ್ನೊಂದು ಕಡೆಯೂ ನೋಡಿ. 15 ವರ್ಷದ ಸಕ್ಕರೆ ಪಾದದ ನರವನ್ನು ಮಾತ್ರ ಕೆಡಿಸುವುದಿಲ್ಲ, ಹೃದಯಕ್ಕೆ ಹೋಗುವ ನರವನ್ನೂ ಕೆಡಿಸುತ್ತದೆ. ಅಂಥವರಿಗೆ ಸುಮ್ನೆ ಕೂತಾಗಲೂ ನಾಡಿ 100ರ ಮೇಲೆ ಓಡಬಹುದು, ಎದ್ದು ನಿಂತರೆ ಬಿಪಿ ಧಡಕ್ಕನೆ ಇಳಿಯಬಹುದು. ನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗುವುದೂ ಉಂಟು. ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಿದರೆ ಅದು ತಪ್ಪಿಹೋಗುತ್ತದೆ.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ಎದ್ದು ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳಿ. ನಾರ್ಟ್ರಿಪ್ಟಿಲಿನ್ ಇದನ್ನೂ ಜಾಸ್ತಿ ಮಾಡುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟ ಮುರಿದುಕೊಂಡು ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ.

ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ಇದ್ದರೆ ಬಿ12 ಕೂಡ ನೋಡಿಸಿ. ಕಡಿಮೆಯಾದರೆ ಅದರಿಂದಲೇ ಪಾದ ಉರಿಯುತ್ತದೆ.

ಡೊಂಬಿವಲಿ ಸೊಸೆ | ಗುರುವಾರ ರಾತ್ರಿ 10:15

ಮಂಗಳವಾರ ಠಾಣೆಗೆ ಹೋಗಿದ್ದೆವು. ಎರಡು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ.

ಹೃದಯದ ಡಾಕ್ಟರು ಹೆಚ್ಚು ಮಾತಾಡುವವರಲ್ಲ. ಡಬ್ಬಿ ಸುರಿದು, ಸ್ಟ್ರಿಪ್‌ಗಳನ್ನು ಇಸ್ಪೀಟ್ ಎಲೆಯ ಹಾಗೆ ಜೋಡಿಸಿ, ಕೆಂಪು ಪೆನ್ನಿನಲ್ಲಿ ಎರಡರ ಮೇಲೆ ಗೀಟು ಹಾಕಿದರು. "ವಿಟಮಿನ್ ಮಾತ್ರೆ" ಒಂದು, ಪ್ರೀಗಾಬಾಲಿನ್ ಜೊತೆ ನಾರ್ಟ್ರಿಪ್ಟಿಲಿನ್ ಇದ್ದದ್ದು ಇನ್ನೊಂದು. ಅವುಗಳ ಬದಲು ಬರೀ ಪ್ರೀಗಾಬಾಲಿನ್ 75, ರಾತ್ರಿ ಒಂದು. ಮೆಟೊಪ್ರೊಲಾಲ್ 25 ಮಾಡಿದರು. ಕೆಮ್ಮು ಬಂದರೆ ಅಜಿತ್ರೋಮೈಸಿನ್ ತಾನೇ ತಂದು ನುಂಗಬೇಡಿ, ಅದೂ ಕ್ಯೂಟಿ ಉದ್ದ ಮಾಡುತ್ತದೆ ಎಂದರು. ಅತ್ತೆ ನನ್ನ ಮುಖ ನೋಡಿದರು. ಮನೆಯಲ್ಲಿ ಒಂದು ಸ್ಟ್ರಿಪ್ ಸದಾ ಇರುತ್ತದೆ.

ರಕ್ತದಲ್ಲಿ ಪೊಟ್ಯಾಸಿಯಂ ಸರಿಯಿತ್ತು, ಮೆಗ್ನೀಸಿಯಂ 1.4, ಕಡಿಮೆ. ಇದಕ್ಕೂ ಕಾರಣ ಅದೇ ಗ್ಯಾಸಿನ ಕ್ಯಾಪ್ಸೂಲ್ ಇರಬಹುದಂತೆ! ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ತೆಗೆದುಕೊಂಡರೆ ಮೆಗ್ನೀಸಿಯಂ ಇಳಿಯುತ್ತದಂತೆ, ಹೈಡ್ರೋಕ್ಲೋರೋಥಯಾಜೈಡ್ ಕೂಡ ಇಳಿಸುತ್ತದಂತೆ. ನಾವು ಅಪರಾಧಿ ನರದ ಮಾತ್ರೆ ಅಂತ ಹುಡುಕುತ್ತಿದ್ದೆವು. ಗ್ಯಾಸಿನ ಕ್ಯಾಪ್ಸೂಲ್‌ನ ಎರಡು ಅರ್ಧವೂ ಸುಮ್ನೆ ಕೂತು ಸಹಾಯ ಮಾಡುತ್ತಿತ್ತು. ಬಿ12 ಸರಿಯಿದೆ, ಸಿಸ್ಟರ್. ನಿಂತಾಗ ಬಿಪಿ 16 ಇಳಿಯಿತು.

ಬುಧವಾರ 24 ಗಂಟೆ ಹೋಲ್ಟರ್ (ಇಡೀ ದಿನದ ಎದೆಬಡಿತ ದಾಖಲಿಸುವ ಮೆಷಿನ್) ಹಾಕಿದ್ದರು. ಎದೆಗೆಲ್ಲ ಸ್ಟಿಕ್ಕರ್, ಸೊಂಟಕ್ಕೆ ಪುಟ್ಟ ಡಬ್ಬಿ, ಸ್ನಾನ ಇಲ್ಲ. ಯಾವ ಹೊತ್ತಿಗೆ ಏನಾಯಿತು ಅಂತ ಬರೆದಿಡಲು ಒಂದು ಕಾಗದ. ಅತ್ತೆ ಹೇಳುತ್ತಾ ಹೋದರು, ನಮ್ಮ ಮಗಳು ಬರೆದಳು. "11:20 ಮೆಟ್ಟಿಲು, ಪಾರಿವಾಳ ಬಂತು. 1:05 ಕುಕ್ಕರ್ ಸೀಟಿಗೆ ಹೆದರಿದೆ, ಪಾರಿವಾಳ ಬರಲಿಲ್ಲ. 4:30 ಸೀರಿಯಲ್‌ನಲ್ಲಿ ಅತ್ತೆ ಸೊಸೆಯನ್ನು ಬೈದಳು, ಸಣ್ಣ ಪಾರಿವಾಳ." ರಿಪೋರ್ಟ್ ನೋಡಿ ಡಾಕ್ಟರು ಮೊದಲ ಸಲ ನಕ್ಕರು. ಬಿಡಿ ಬಡಿತಗಳು ಸಾಕಷ್ಟು ಇವೆ, ಆದರೆ ಹೃದಯ ಎಲ್ಲೂ ತಡೆದು ನಿಂತಿಲ್ಲ, ಅಪಾಯದ ಓಟವೂ ಇಲ್ಲ.

ಸಮಸ್ಯೆ ಏನೆಂದರೆ ಎರಡು ರಾತ್ರಿಯಿಂದ ಪಕ್ಕೆಯ ಕೆಂಡ ಮತ್ತೆ ಹೊಗೆಯಾಡುತ್ತಿದೆ.

ನಿಗಡಿ ಅಕ್ಕ, ಪುಣೆ | ಗುರುವಾರ ರಾತ್ರಿ 10:32

ಲಿಗ್ನೋಕೇನ್ ಪಟ್ಟಿ ಕೇಳಿ ನೋಡಿ ತಂಗಿ. 5 ಪರ್ಸೆಂಟ್‌ದು, ಪ್ಲಾಸ್ಟರ್ ಥರ ಅಂಟಿಸುವುದು. 12 ಗಂಟೆ ಹಾಕಬೇಕು, 12 ಗಂಟೆ ತೆಗೆಯಬೇಕು. ಗುಳ್ಳೆ ಪೂರ್ತಿ ಒಣಗಿ ಚರ್ಮ ಕೂಡಿದ ಮೇಲೆ ಮಾತ್ರ. ನನ್ನ ವಾರಗಿತ್ತಿಗೆ ಸರ್ಪಸುತ್ತಿನ ನೋವಿಗೆ ಅದರಿಂದ ಬಹಳ ಅನುಕೂಲ ಆಯಿತು. ಹೊಟ್ಟೆಗೆ ಹೋಗುವುದಿಲ್ಲ, ರಕ್ತಕ್ಕೆ ಸೇರುವುದೂ ತೀರಾ ಕಡಿಮೆ. ಆದರೂ ಎದೆಬಡಿತದ ತೊಂದರೆ ಇದೆ ಅಂತ ಹೇಳಿಯೇ ಕೇಳಿ.

ಘಾಟ್ಕೋಪರ್ ಗೆಳೆಯ | ಗುರುವಾರ ರಾತ್ರಿ 10:40

ನೋಡಿ, ನಾನು ಮೊದಲೇ ಹೇಳಲಿಲ್ವಾ, ಮೇಲಿಂದ ಹಚ್ಚುವುದೇ ಒಳ್ಳೆಯದು ಅಂತ.

ಡೊಂಬಿವಲಿ ಸೊಸೆ | ಎರಡು ವಾರದ ನಂತರ, ಶನಿವಾರ ಸಂಜೆ 6:45

ಸುದ್ದಿ ಕೊಡೋಣ ಅಂತ ಬಂದೆ. ನಿನ್ನೆ ಮತ್ತೆ ಇಸಿಜಿ: ಬಡಿತ 66, ಪಿಆರ್ 212, ಕ್ಯೂಟಿಸಿ 448. ಮಾಮ, ಫೋಟೋ ತೆಗೆದಿಟ್ಟಿದ್ದೇನೆ. ಅತ್ತೆ ಮೂರನೇ ಮಹಡಿಗೆ ಒಂದೇ ಸಲ ನಿಂತು ಹತ್ತುತ್ತಾರೆ. ಪಟ್ಟಿ ಅಂಟಿಸಿದರೆ ನೋವು ಅರ್ಧ ಕಡಿಮೆ ಅನ್ನುತ್ತಾರೆ. ಪೂರ್ತಿ ಹೋಗಿಲ್ಲ. ಹಳೆಯ ಮಾತ್ರೆಯಷ್ಟು ಚೆನ್ನಾಗಿ ನಿದ್ದೆ ಬರುವುದಿಲ್ಲ ಅಂತ ದಿನಾ ಒಮ್ಮೆ ನೆನಪಿಸುತ್ತಾರೆ.

ಯಾವುದರಿಂದ ಆಯಿತು ಅಂತ ಕೇಳಿದರೆ ಡಾಕ್ಟರು ಒಂದರ ಹೆಸರು ಹೇಳಲಿಲ್ಲ. "ನಾಲ್ಕು ಜನ ಸೇರಿ ಗಾಡಿ ತಳ್ಳಿದ್ದಾರೆ" ಎಂದರು.

ಮುಲುಂಡ್ ಕೆಮಿಸ್ಟ್ ಕಾಕಾ | ಶನಿವಾರ ಸಂಜೆ 7:30

ಬಹಳ ಸಂತೋಷ. ಇನ್ನೊಂದು ಕೆಲಸ ಬಾಕಿ ಇದೆ. ಔಷಧದಿಂದ ಹೀಗಾಯಿತು ಅಂತ ಅನುಮಾನ ಬಂದರೆ ರೋಗಿಯ ಮನೆಯವರೇ ವರದಿ ಮಾಡಬಹುದು. ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮ ಅಂತ 2010ರಿಂದ ಇದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನಡೆಸುತ್ತದೆ. ಟೋಲ್ ಫ್ರೀ 1800-180-3024. ಸಾಮಾನ್ಯ ಜನರಿಗೆ ಬೇರೆಯೇ ಫಾರಂ ಇದೆ, ಕನ್ನಡದಲ್ಲೂ ಇದೆ. ಮಾತ್ರೆಯೇ ಕಾರಣ ಅಂತ ಸಾಬೀತು ಮಾಡಬೇಕಾಗಿಲ್ಲ, ಅನುಮಾನ ಸಾಕು. ಅಪರೂಪದ ತೊಂದರೆಗಳು ಚೀಟಿಯಲ್ಲಿ ಸೇರುವುದು ಇಂಥ ವರದಿಗಳಿಂದಲೇ.

ಡೊಂಬಿವಲಿ ಸೊಸೆ | ಭಾನುವಾರ ಬೆಳಿಗ್ಗೆ 11:20

ಕಾಕಾ, ಫಾರಂ ತೆಗೆದುಕೊಂಡೆ. ಕನ್ನಡದ್ದೇ. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದಾರೆ. ಮುಂಬೈಗೆ ಬಂದ ಮೇಲೆ ಒಂದು ಸರ್ಕಾರಿ ಕಾಗದ ಕನ್ನಡದಲ್ಲಿ ನೋಡಿದ್ದು ಇದೇ ಮೊದಲಂತೆ, ಮೂರು ಸಲ ಓದಿದರು. ಮಾತ್ರೆಗಳ ಹೆಸರು, ಯಾವತ್ತು ಶುರು, ಯಾವತ್ತು ನಿಲ್ಲಿಸಿದ್ದು ಎಲ್ಲಾ ತುಂಬಿಸಿ ಆಯಿತು. ತೊಂದರೆ ಏನಾಯಿತು ಬರೆಯಿರಿ ಎನ್ನುವ ಕಡೆ ನಾನು "ಎದೆಬಡಿತದಲ್ಲಿ ಏರುಪೇರು" ಅಂತ ಬರೆದೆ. ಅವರಿಗೆ ಒಪ್ಪಿಗೆಯಿಲ್ಲ. ಪಾರಿವಾಳ ಅಂತ ಬರಿ, ಇಲ್ಲಂದ್ರ ಅವರಿಗೆ ಹ್ಯಾಂಗ ತಿಳಿಬೇಕು ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಮಾಟುಂಗಾ ಇಸಿಜಿ ಮಾಮ | ಭಾನುವಾರ ಬೆಳಿಗ್ಗೆ 11:26

ಎರಡೂ ಬರೆಯಿರಿ. ಜಾಗ ಉಂಟಲ್ಲ.